ಕ್ಯಾಮೆರಾ ಕಂಡ ನಾಲ್ಕು ತಿರುಪು

ನೆಬ್ರಾಸ್ಕದ ದನದ ಹರಾಜುಗಳಲ್ಲಿ ಮೂವತ್ತು ವರ್ಷ ಕೂಗಿದವನು ಡೆಲ್ಬರ್ಟ್ ಆಕ್ಸ್‌ಲಿ. ಹೋದ ವರ್ಷ, ಬೆಲೆ ಏರುತ್ತಿದ್ದ ಹೊತ್ತಿಗೇ ಸರಿಯಾಗಿ, ಅವನ ಮೇಲಿನ ಹಲ್ಲುಸೆಟ್ಟು ಬಾಯಿಂದ ಹಾರಿ ಹೋರಿಯೊಂದರ ಮುಂದೆ ಬಿತ್ತು. ಹೋರಿ ಮೂಸಿ ನೋಡಿತು. ಕೊಳ್ಳಲು ಬಂದವರು ನಕ್ಕು ನಕ್ಕು ಬಂದ ಕೆಲಸವನ್ನೇ ಮರೆತರು.

"ಅಲ್ಲಾಡದ ಹಲ್ಲು ಕಟ್ಟಿಸ್ಕೊಂಡು ವಸಂತದ ಹರಾಜಿಗೆ ಬಾ. ಇಲ್ಲಾಂದ್ರೆ ಬೇರೆಯವನು ಸಿಕ್ಕಿದಾನೆ" ಎಂದ ಹರಾಜುಕಟ್ಟೆಯ ಮಾಲೀಕ.

ಅದಕ್ಕೇ ಮೇಲ್ದವಡೆಯ ಎಲುಬಿಗೆ ನಾಲ್ಕು ಟೈಟೇನಿಯಂ ತಿರುಪು ಕೂರಿಸಿದ್ದು. ಚಳಿಗಾಲ ಕಳೆದು ಇವತ್ತು ಕಾಯಂ ಹಲ್ಲಿಗೆ ಅಳತೆ. ಬಾಯಿಗೆ ಹಿಟ್ಟು ತುರುಕಿ ಅಚ್ಚು ತೆಗೆಯುವ ಕಾಲ ಹೋಯಿತು. ಹಲ್ಲಿನ ಡಾಕ್ಟರರ ಸಹಾಯಕಿ ಜೋಲೀನ್ ಒಂದೊಂದು ತಿರುಪಿಗೂ ಚುಕ್ಕೆಚುಕ್ಕೆಯ ಪುಟ್ಟ ಗೂಟ ಬಿಗಿದಳು. ಫೋಟೋಗ್ರಾಮೆಟ್ರಿ ಕ್ಯಾಮೆರಾ ಆ ಚುಕ್ಕೆಗಳನ್ನು ನೋಡಿ, ಯಾವ ತಿರುಪು ಎಲ್ಲಿದೆ, ಎತ್ತ ವಾಲಿದೆ ಎಂದು ಲೆಕ್ಕ ಹಾಕುತ್ತದೆ.

ಎಡಗಡೆಯ ಕೊನೆಯ ಗೂಟ ಬಿಗಿಯುವಾಗ ಎಲುಬಿನೊಳಗೇ ಏನೋ ತಿರುಗಿತು.

"ನೋವಾಯ್ತಾ?"

"ಊಹೂಂ."

ಹೋರಿ ಕುಂಟಿದರೆ ಕೂಗುವ ಮುಂಚೆಯೇ ಎಲ್ಲರಿಗೂ ಹೇಳಿಬಿಡುತ್ತಿದ್ದ ಮನುಷ್ಯ, ತನ್ನ ದವಡೆಯ ಕುಂಟನ್ನು ನುಂಗಿಕೊಂಡ.

"ಕೂದಲೆಳೆಯಷ್ಟೂ ತಪ್ಪಿಲ್ಲ" ಎಂದು ಡಾಕ್ಟರ್ ಹಾಲ್ವರ್‌ಸನ್ ಪರದೆ ನೋಡಿ ಹಿಗ್ಗಿದರು.

ಆ ಕೊನೆಯ ಗೂಟ ಬಿಚ್ಚಲು ಹೋದರೆ ತಿರುಪೂ ಜೊತೆಗೇ ಬಂತು. ಜೋಲೀನ್ ಅದನ್ನು ಕಿತ್ತ ಮೂಲಂಗಿಯ ಹಾಗೆ ಹಿಡಿದು ನಿಂತಳು.

ಡೆಲ್ಬರ್ಟ್ ಪರದೆಯ ಕಡೆ ಕೈ ಮಾಡಿದ. "ಅಲ್ಲಿ ನಾಲ್ಕೂ ಇದಾವಲ್ಲ ಡಾಕ್ಟ್ರೇ. ಅದನ್ನೇ ನೋಡ್ಕೊಂಡು ಮಾಡ್ಸಿ."

"ತಿರುಪು ಎಲ್ಲಿ ನಿಂತಿದೆ ಅನ್ನೋದಷ್ಟೇ ಅದಕ್ಕೆ ಗೊತ್ತು ಕಣಯ್ಯಾ. ಎಲುಬು ಅದನ್ನ ಹಿಡ್ಕೊಂಡಿದೆಯೋ ಇಲ್ವೋ, ಅದಕ್ಕೇನು ಗೊತ್ತು?"

"ಮೂರರ ಮೇಲೇ ಕೂರ್ಸಿ."

"ಮೂರು ಕಾಲಿನ ಮಂಚದ ಮೇಲೆ ಮಲಗ್ತೀಯಾ?"

"ಹರಾಜು ಮುಗಿಯೋವರೆಗೆ ಮಲಗ್ತೀನಿ."

ಡಾಕ್ಟರು ಆಗದೆಂದು ತಲೆಯಾಡಿಸಿದರು. ಆ ಜಾಗಕ್ಕೆ ಇದು ಎರಡನೆಯ ತಿರುಪು; ಮೊದಲನೆಯದೂ ಹೀಗೇ ಕಿತ್ತು ಬಂದಿತ್ತು. ಮೂರನೆಯದಕ್ಕೆ ಎಲುಬೇ ಉಳಿದಿರಲಿಲ್ಲ. ಜೋಲೀನ್ ಅವನ ಹಳೆಯ ಸೆಟ್ಟನ್ನು ತೊಳೆದು ಕೈಗಿಟ್ಟಳು. ಹೊರಡುವಾಗ ತಿರುಗಿ ನೋಡಿದ: ಕಪ್ಪು ಪರದೆಯಲ್ಲಿ ನಾಲ್ಕು ತಿರುಪು. ದವಡೆಯಿಲ್ಲ, ಮುಖವಿಲ್ಲ. ಒಂದೂ ಅಲ್ಲಾಡುತ್ತಿರಲಿಲ್ಲ.

ಟ್ರಕ್ಕಿನಲ್ಲಿ ಕೂತು ಮೆಲ್ಲಗೆ ಕೂಗಿ ನೋಡಿದ. ದನಿ ಏರುವ ಮೊದಲೇ ಸೆಟ್ಟು ಜಾರಿತು. ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಮ್ಮೆ ಕೂಗಿದ. ಈಗ ಜಾರಲಿಲ್ಲ. ಆದರೆ ಬಾಯಲ್ಲಿ ಬೆರಳಿಟ್ಟುಕೊಂಡು ಹೋರಿ ಮಾರಿದವನನ್ನು ಆ ಸೀಮೆಯಲ್ಲಿ ಇದುವರೆಗೆ ಯಾರೂ ಕಂಡಿರಲಿಲ್ಲ.