ಅಕ್ಕನ ಗಾಡಿಯೊಳಗಿನ ಟಿಕ್

ಇದು ನಡೆದ ಕಥೆ. ಹೇಳುತ್ತಿರುವವನು ನಾನು ಎಂಬ ಒಂದೇ ಕಾರಣಕ್ಕೆ ನಂಬದವರು ಮೈಸೂರಿನ ಲಕ್ಷ್ಮೀಪುರಂನಲ್ಲಿ ಬೇಕಾದಷ್ಟು ಜನ ಇದ್ದಾರೆ. ತಪ್ಪು ಅವರದಲ್ಲ. ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಂದ ಹಿಡಿದು ಪ್ರೆಷರ್ ಕುಕ್ಕರಿನವರೆಗೆ ಯಾರ ದನಿಯನ್ನೂ ನಾನು ಬಿಟ್ಟವನಲ್ಲ. ಮೂರನೇ ವಿಷಲ್ ನನ್ನ ಬಾಯಿಂದ ಬಂದದ್ದೆಂದು ತಿಳಿಯದೆ ಗೆಳೆಯ ಮಹಾಂತೇಶನ ತಾಯಿ ಪ್ರೇಮಲೀಲಾ ಆಂಟಿ ಅರೆಬೆಂದ ಬೇಳೆಯಲ್ಲೇ ಸಾರು ಮಾಡಿದ್ದುಂಟು. ಆದರೂ ಇದು ನಿಜ.

ಒಂದು ಭಾನುವಾರ ಸಂಜೆ ಮಹಾಂತೇಶ ಫೋನ್ ಮಾಡಿದ.

"ನಾಗೇಂದ್ರ, ಅಕ್ಕನ ಗಾಡಿ ಸೀಜ್ ಆಗೋಯ್ತು ಕಣೋ."

"ಯಾವ ಸ್ಟೇಷನ್ನು? ನಜರ್‌ಬಾದಾ?"

"ಪೊಲೀಸ್ ಸೀಜ್ ಅಲ್ಲ ಕಣೋ! ಎಂಜಿನ್ ಸೀಜು. ಪಿಸ್ಟನ್ ಒಳಗೇ ಕಚ್ಕೊಂಬುಟ್ಟಿದೆ."

ಅವನ ಅಕ್ಕ ಶಿಲ್ಪಶ್ರೀ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ರಜೆ ಬಂದರೆ ಮಣ್ಣಿನ ಟ್ರ್ಯಾಕಿನಲ್ಲಿ ರೇಸ್ ಓಡಿಸುತ್ತಾರೆ. ಅವರ ಗಾಡಿ ಹೊರದೇಶದ್ದು. ಟೂ ಸ್ಟ್ರೋಕ್, ಅದರಲ್ಲೂ ವಾಟರ್ ಕೂಲ್ಡ್. ನಮ್ಮ ಊರಿನ ಹಳೆಯ ಟೂ ಸ್ಟ್ರೋಕ್ ಗಾಡಿಗಳು ಗಾಳಿಗೇ ತಣ್ಣಗಾಗುತ್ತವೆ. ಇದಕ್ಕೆ ಕಾರಿನ ಹಾಗೆ ರೇಡಿಯೇಟರ್, ಅದರ ತುಂಬ ಕೂಲಂಟ್, ಅದನ್ನು ಎಂಜಿನ್ನಿನ ಸುತ್ತ ಓಡಾಡಿಸಲು ಒಂದು ಪುಟ್ಟ ಪಂಪು. ಅಕ್ಕ ಮೂರು ವಾರದ ತರಬೇತಿಗೆಂದು ಧಾರವಾಡಕ್ಕೆ ಹೊರಟಾಗ, "ಬಂದ್ಮೇಲೆ ನಾನೇ ನಿಂಗೆ ಓಡ್ಸೋದು ಕಲಿಸ್ತೀನಿ. ಅಲ್ಲೀವರೆಗೂ ಒರೆಸಿಡು, ಸ್ಟಾರ್ಟ್ ಮಾಡ್ಬೇಡ" ಎಂದಿದ್ದರು. ಮಹಾಂತೇಶ ಎರಡು ವರ್ಷ ಅವರ ಬೆನ್ನು ಬಿದ್ದು ಬೇಡಿದ ಮೇಲೆ ಸಿಕ್ಕ ಮಾತು ಅದು.

ಮಹಾಂತೇಶ ಐದು ದಿನ ಒರೆಸಿದ. ಆರನೆಯ ದಿನ ಗೂಡ್ಸ್ ಆಟೋಗೆ ಹಾಕಿಕೊಂಡು ಕಡಕೊಳದ ಆಚೆಯ ಬಯಲಿಗೆ ಒಯ್ದ. ಒಮ್ಮೆ ಬಿದ್ದ. ಬಿದ್ದಾಗ ರೇಡಿಯೇಟರಿನ ಪೈಪು ಕಳಚಿದ್ದು ಅವನಿಗೆ ಗೊತ್ತಾಗಲಿಲ್ಲ. ಆವಿ ಎದ್ದಾಗ ಧೂಳು ಅಂದುಕೊಂಡು ಇನ್ನೊಂದು ಸುತ್ತು ಹೊಡೆದ.

"ಮೆಕ್ಯಾನಿಕ್ ಹತ್ರ ಹೋಗೋಣ" ಅಂದೆ.

"ಯಾವ ಮೆಕ್ಯಾನಿಕ್ಕು? ಮೈಸೂರಲ್ಲಿ ಎಲ್ರೂ ಅವಳ ದೋಸ್ತ್‌ಗಳೇ. ಗಾಡಿ ಗ್ಯಾರೇಜ್ ಒಳಗೆ ಹೋಗೋದ್ರೊಳಗೆ ಫೋಟೋ ಧಾರವಾಡಕ್ಕೆ ಹೋಗಿರುತ್ತೆ. ಗೊತ್ತಾದ್ರೆ ಕಲಿಸೋದಿರ್ಲಿ, ಗಾಡಿ ಹತ್ರಕ್ಕೂ ಬಿಡಲ್ಲ. ನಾವೇ ಬಿಚ್ಚೋಣ."

ಅವನದು ಬಿ.ಕಾಂ., ನನ್ನದು ಬಿ.ಎ. ಇಬ್ಬರ ಪದವಿ ಸೇರಿಸಿದರೂ ಒಂದು ನಟ್ಟು ಸಡಿಲವಾಗುವುದಿಲ್ಲ. ಅಕ್ಕನ ಟೂಲ್ ಬಾಕ್ಸಿಗೆ ಬೀಗ. ಕೀಲಿ ಅವರ ಬ್ಯಾಗಿನಲ್ಲಿ. ಸ್ಪಾನರ್‌ಗಳನ್ನು ಅಲ್ಲಿ ಇಲ್ಲಿ ಬೇಡಿ ತಂದೆವು. ಮೊಬೈಲಿನಲ್ಲಿ ಗಾಡಿಯ ಮ್ಯಾನುಯಲ್ ತೆರೆದಿಟ್ಟು, ಮನೆಯ ಹಿಂದಿನ ಶೆಡ್ಡಿನಲ್ಲಿ ಕುಳಿತೆವು. ಬಿಚ್ಚಿದ ಬೋಲ್ಟು ಯಾವುದು ಎಲ್ಲಿಯದೆಂದು ಮರೆಯದಿರಲು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ್ದನ್ನು ಇಟ್ಟೆವು. ಆ ಮನೆಯಲ್ಲಿ ಎರಡು ವಾರ ಬೆಳಗ್ಗೆ ಬರೀ ದೋಸೆ.

ಎಂಜಿನ್ನಿನ ಮುಚ್ಚಳದಂಥ ಹೆಡ್ ತೆಗೆದು ಸಿಲಿಂಡರ್ ಎತ್ತಿದಾಗ ಪಿಸ್ಟನ್ನಿನ ಮೈ ಬೆಕ್ಕು ಪರಚಿದ ಹಾಗಿತ್ತು. ಸಿಲಿಂಡರನ್ನು ಕಡಕೊಳದ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಅವರು ಗೋಡೆಗೆ ಮೆತ್ತಿಕೊಂಡಿದ್ದ ಅಲ್ಯೂಮಿನಿಯಂ ತೆಗೆದು, ಅಳತೆ ನೋಡಿ, "ಒಳಗಿನ ಲೇಪನ ಉಳಿದಿದೆ, ಪುಣ್ಯ ಮಾಡಿದ್ರಿ" ಅಂದರು. ಹೊಸ ಪಿಸ್ಟನ್, ರಿಂಗ್, ಪಿಸ್ಟನ್ನನ್ನು ಹಿಡಿದಿಡುವ ಪಿನ್ನು ಕೊರಿಯರಿನಲ್ಲಿ ಬಂದವು. ಪಿನ್ನು ಪಕ್ಕಕ್ಕೆ ಜಾರದಂತೆ ಎರಡೂ ಕಡೆಯ ತೋಡಿನಲ್ಲಿ ಒಂದೊಂದು ತಂತಿಯ ಉಂಗುರ ಕೂರಿಸಬೇಕು. ಅದಕ್ಕೆ ಲಾಕ್ ಅನ್ನುತ್ತಾರೆ. ಎಡಗಡೆಯದು ಸಲೀಸಾಗಿ ಕೂತಿತು. ಬಲಗಡೆಯದಕ್ಕೆ ಮಹಾಂತೇಶ ಅರ್ಧ ಗಂಟೆ ನಾಲಿಗೆ ಕಚ್ಚಿಕೊಂಡು ಒದ್ದಾಡಿ, "ಕೂತ್ಕೊಂತು ಬುಡು" ಎಂದು ಬೆವರು ಒರೆಸಿಕೊಂಡ. ಸಿಲಿಂಡರ್ ಇಳಿಸಿ, ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಕೂಲಂಟ್ ಸುರಿದು ಗಾಳಿಗುಳ್ಳೆ ಬಿಡಿಸುವಷ್ಟರಲ್ಲಿ ಶನಿವಾರ ಮಧ್ಯಾಹ್ನ. ಅಕ್ಕ ಬರುವುದು ಮರುದಿನ ಬೆಳಗ್ಗೆ.

ಸ್ಟಾರ್ಟ್ ಮಾಡುವ ಮೊದಲು ಕೈಯಲ್ಲಿ ನಿಧಾನವಾಗಿ ತಿರುಗಿಸಿ ನೋಡಿ ಎಂದಿತ್ತು ಮ್ಯಾನುಯಲ್. ಮಹಾಂತೇಶ ಕಿಕ್ಕರನ್ನು ಕೈಯಿಂದ ಒತ್ತಿದ. ನಾನು ಗಾಡಿಯ ಆಚೆ ಬದಿ ಕುಕ್ಕರಗಾಲಲ್ಲಿ ಕೂತಿದ್ದೆ. ಶೆಡ್ಡು ನಿಶ್ಶಬ್ದವಾಗಿತ್ತು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಅಂಗುಳಿಗೆ ನಾಲಿಗೆ ಹಚ್ಚಿ ಬಿಟ್ಟೆ: ಟಿಕ್.

ಅವನ ಕೈ ನಿಂತಿತು. "ಕೇಳಿಸ್ತೇನೋ?"

"ಏನು?"

ಮತ್ತೆ ಒತ್ತಿದ. ಟಿಕ್. ಮತ್ತೆ. ಟಿಕ್. ಐದನೆಯದಕ್ಕೆ ಒಪ್ಪಿಕೊಳ್ಳೋಣ ಎಂದಿದ್ದೆ. ನಾಲ್ಕಕ್ಕೇ ಅವನ ಕಣ್ಣು ತುಂಬಿತು. ನಾನು ಬಾಯಿ ಬಿಡುವಷ್ಟರಲ್ಲಿ ಅವನು ಮತ್ತೆ ಬಿಚ್ಚಲು ಹೊರಟಿದ್ದ; ಕೂಲಂಟ್ ಬಕೆಟ್ಟಿಗೆ ಇಳಿಯತೊಡಗಿತು.

"ಲೋ, ನಾನೇ ಕಣೋ ಅದು! ಬಾಯಲ್ಲಿ ಮಾಡಿದ್ದು!"

"ಸಮಾಧಾನ ಮಾಡಕ್ಕೆ ಸುಳ್ಳು ಹೇಳ್ಬೇಡ ನಾಗೇಂದ್ರ. ಹತ್ತರ ಸ್ಪಾನರ್ ಕೊಡು."

ಆಣೆ ಹಾಕಿದೆ. ಟಿಕ್ ಅಂತ ಮಾಡಿಯೂ ತೋರಿಸಿದೆ. "ಅದಲ್ಲ, ಅದು ಕಬ್ಬಿಣದ ಸದ್ದು" ಅಂದುಬಿಟ್ಟ. ನನ್ನ ಕಲೆಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ; ಆದರೆ ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಿಲಿಂಡರ್ ಮೇಲೆತ್ತಿ ಇಬ್ಬರೂ ಬಗ್ಗಿ ನೋಡಿದೆವು. ಬಲಗಡೆಯ ಲಾಕ್ ಅರ್ಧ ಮಾತ್ರ ಕೂತಿತ್ತು. ಒಂದು ತುದಿ ತೋಡಿನಿಂದ ಹೊರಗಿಣುಕಿತ್ತು. ಸ್ಟಾರ್ಟ್ ಮಾಡಿದ್ದರೆ ಅದು ಹಾರಿ ಸಿಲಿಂಡರಿನ ಗೋಡೆ ಸೀಳಿಬಿಡುತ್ತಿತ್ತು.

"ನೋಡ್ದಾ?" ಎಂದ ಮಹಾಂತೇಶ ಮೆಲ್ಲಗೆ. "ನನ್ ಕಿವಿ ಅಂದ್ರೆ ಕಿವಿ."

ಒಮ್ಮೆ ತೆಗೆದ ಲಾಕ್ ಮತ್ತೆ ಹಾಕುವ ಹಾಗಿಲ್ಲ. ಹೊಸದು ಕೊರಿಯರಿನಲ್ಲಿ ಬರಲು ಮಂಗಳವಾರವಾಗುತ್ತದೆ.

ಭಾನುವಾರ ಬೆಳಗ್ಗೆ ಅಕ್ಕ ಬ್ಯಾಗು ಇಳಿಸದೆಯೇ ಶೆಡ್ಡಿಗೆ ಬಂದರು. ಮಹಾಂತೇಶ ಮುಚ್ಚಿಡಲಿಲ್ಲ. ಬಯಲು, ಬಿದ್ದದ್ದು, ಆವಿ, ಎಲ್ಲ ಹೇಳಿದ. ಅಕ್ಕ ಸಿಲಿಂಡರಿನೊಳಗೆ ಟಾರ್ಚ್ ಬಿಟ್ಟರು, ಲಾಕನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದು ಸರಿಯಾಗಿ ಕೂತಿಲ್ಲ ಅಂತ ಎಂಗೆ ಗೊತ್ತಾಯ್ತು?"

"ಕೈಯಲ್ಲಿ ತಿರುಗಿಸ್ದಾಗ ಟಿಕ್ ಅಂತು ಅಕ್ಕ."

"ಹಿಂಗೆ ಅರ್ಧ ಕೂತಿದ್ದು ಟಿಕ್ ಅನ್ನಲ್ಲ ಕಣೋ. ಹಾರಿ ಎಂಜಿನ್ ಒಡೆಯೋವರೆಗೂ ಸುಮ್ನಿರುತ್ತೆ." ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. "ನಾಗೇಂದ್ರ, ನಮ್ಮಮ್ಮನ ಕುಕ್ಕರ್ ಕೂಗ್ಸಿದ್ದು ನೀನೇ ಅಲ್ವಾ?"

ತಲೆ ತಗ್ಗಿಸಿ ನಾಲಿಗೆಯಿಂದ ಟಿಕ್ ಎಂದೆ. ಮಹಾಂತೇಶ ಬಾಯಿ ತೆರೆದುಕೊಂಡೇ ನಿಂತ.

ಅಕ್ಕ ಟೂಲ್ ಬಾಕ್ಸಿನ ಬೀಗ ತೆಗೆದರು. ಒಳಗೆ ಒಂದು ಪೊಟ್ಟಣದ ತುಂಬ ಹೊಸ ಲಾಕ್‌ಗಳು. ಒಂದನ್ನು ಮಹಾಂತೇಶನ ಕೈಗಿಟ್ಟರು. "ಎಂಜಿನ್ ಕಚ್ಚಿಸಿದ್ದು ನೀನು, ಕೂರಿಸೋನೂ ನೀನೇ. ಈ ವರ್ಷ ಬಿಚ್ಚೋದು, ಜೋಡ್ಸೋದು ಕಲಿ. ಓಡ್ಸೋದು ಮುಂದಿನ ವರ್ಷ, ನಾನೇ ಕಲಿಸ್ತೀನಿ. ಹೂಂ, ಹೆಬ್ಬೆರಳು ಕೊಟ್ಟು ಒತ್ತು."

ಮಹಾಂತೇಶ ಉಸಿರು ಬಿಗಿಹಿಡಿದು ಒತ್ತಿದ. ಉಂಗುರ ಜಾರಿ ತನ್ನ ಜಾಗಕ್ಕೆ ಬಿತ್ತು: ಟಿಕ್.

ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಮೊದಲು ಅಕ್ಕ ನಕ್ಕರು, ಆಮೇಲೆ ನಾನು. ಮಹಾಂತೇಶ ಮಾತ್ರ ಪಿಸ್ಟನ್ನನ್ನು ಕೈಬಿಡದೆ, ಅಡುಗೆಮನೆಯಿಂದ ಪ್ರೇಮಲೀಲಾ ಆಂಟಿ ಸೌಟು ಹಿಡಿದು ಓಡಿಬರುವ ಹಾಗೆ, ನಮ್ಮಿಬ್ಬರಿಗಿಂತ ಜೋರಾಗಿ ನಗುತ್ತಿದ್ದ.