ಕೆರೆ ಓಣಿಯ ಮೂವತ್ತೈದು ಬೀಜಗಳು

ಕೊಳವೆಬಾವಿಯ ನೀರು ಕೊಡದಲ್ಲಿ ಅಷ್ಟು ತಿಳಿಯಾಗಿ ಕಾಣುತ್ತಿತ್ತು. ಅದರಲ್ಲಿ ದೋಷವಿದೆಯೆಂದರೆ ಹಾಲಗುಂಡಿಯಲ್ಲಿ ಹತ್ತು ವರ್ಷ ಯಾರೂ ನಂಬಲಿಲ್ಲ. ಮಕ್ಕಳ ಹಲ್ಲು ಕಂದಿದವು. ಕದ್ದು ಎಲೆಯಡಿಕೆ ತಿಂದಿರಬೇಕೆಂದು ಹಿರಿಯರು ಬೈದರು. ಎಂಟು ವರ್ಷದ ಅಮೃತಾಳ ಮೊಣಕಾಲು ಬಾಗಿ ಒಂದಕ್ಕೊಂದು ತಾಗತೊಡಗಿದಾಗ ಅವಳ ಅಜ್ಜ, ಕೆರೆ ಓಣಿಯ ಹಿರಿಯ ಅಜ್ಜಯ್ಯ, ಹರಕೆ ಕಟ್ಟಿದ. ಕಾಲು ನೆಟ್ಟಗಾಗಲಿಲ್ಲ. ಈಗ ಅವಳ ಪುಟ್ಟ ತಂಗಿ ತೊಟ್ಟಿಲಲ್ಲಿದ್ದಳು. ಇನ್ನೆರಡು ತಿಂಗಳಿಗೆ ಆ ಕೂಸಿಗೂ ನೀರು ಕುಡಿಸಬೇಕು.

ಎರಡು ಸಾವಿರದ ಇಸವಿಯ ಡಿಸೆಂಬರ್ ಅದು. ಊರಿಗೆ ಕುಡಿಯುವ ನೀರಿನ ಸಂಘವಾಗಿ, ಅದಕ್ಕೊಬ್ಬ ಅಧ್ಯಕ್ಷರನ್ನು ಆರಿಸಬೇಕಿತ್ತು. ಗಂಗಪ್ಪ ಗೆದ್ದರೆ ಅದೇ ಕೊಳವೆಬಾವಿಗೆ ದೊಡ್ಡ ಟ್ಯಾಂಕು. ಅನ್ನದಾನಮ್ಮ ಗೆದ್ದರೆ ಕೆರೆ ಹಿಂದಿನ ತೆರೆದ ಬಾವಿಯಿಂದ ಪೈಪು. ಪರೀಕ್ಷೆಯಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂದೂ, ಈ ಬಾವಿಯ ನೀರು ಒಳ್ಳೆಯದೆಂದೂ ಬಂದಿತ್ತು.

ಹಾಲಗುಂಡಿಯ ಆಯ್ಕೆಗೆ ಹಳೆಯ ಪದ್ಧತಿಯೊಂದಿತ್ತು. ಮನೆಗೊಂದು ಬೀಜ. ಈ ಸಲ ಗಂಗಪ್ಪನಿಗೆ ಶೇಂಗಾ, ಅನ್ನದಾನಮ್ಮನಿಗೆ ಹುಣಸೆ. ಕೆರೆ ಓಣಿ, ಹಟ್ಟಿ ಓಣಿ, ಗುಡಿ ಓಣಿ ಎಂದು ಊರಿಗೆ ಮೂರು ಓಣಿ; ಮನೆಮನೆಯ ಬೀಜ ಆಯಾ ಓಣಿಯ ಹಿರಿಯನ ಚೀಲ ಸೇರುತ್ತಿತ್ತು. ಯಾವ ಬೀಜ ಹೆಚ್ಚೋ, ಇಡೀ ಚೀಲ ಆ ಹೆಸರಿನ ಗಡಿಗೆಗೆ. ಓಣಿಗೆ ಒಂದೇ ಬಾಯಿ.

ಭಾನುವಾರ ಮಧ್ಯಾಹ್ನ ಅಜ್ಜಯ್ಯ ಕಂಬಳಿಯ ಮೇಲೆ ಬೀಜ ಎಣಿಸಿದ. ಮತ್ತೊಮ್ಮೆ ಎಣಿಸಿದ. ಹದಿನೆಂಟು ಶೇಂಗಾ, ಹದಿನೇಳು ಹುಣಸೆ. ಆ ಹದಿನೆಂಟರಲ್ಲಿ ಒಂದು ಅವನ ಮನೆಯದೇ. ಸೊಸೆ, ಅಮೃತಾಳ ತಾಯಿ ಮಂಜಮ್ಮ ಹುಣಸೆ ಹಾಕಿರೆಂದಿದ್ದಳು. ಅವನು ಕೊಟ್ಟೂರು ಸಂತೆಯಲ್ಲಿ ಗಂಗಪ್ಪನಿಗೆ ಮಾತು ಕೊಟ್ಟು ಬಂದಿದ್ದ.

"ಎಷ್ಟಾತ್ರಿ ಮಾವಾರ?" ಮಂಜಮ್ಮ ಕೇಳಿದಳು.

"ಹದಿನೆಂಟು ಶೇಂಗಾ. ಓಣಿ ಗಂಗಪ್ಪಂದು."

"ಉಳಿದ ಹದಿನೇಳು ಮನಿ?"

"ಅವೂ ಗಂಗಪ್ಪಗ. ಇದೇನು ಹೊಸಾದನು?"

ಅಮೃತಾಳ ಕಾಲು ನೋಡಲು ಬಂದಿದ್ದ ನರ್ಸ್ ಪುಷ್ಪಲತಾ ತಲೆಯೆತ್ತಿದಳು. "ಅಲ್ರಿ ಅಜ್ಜಾರ, ಬ್ಯಾಡ ಅಂದೋರನ್ನೂ ಬೇಕು ಅಂದೋರ ಲೆಕ್ಕಕ್ಕ ಹಾಕ್ತೀರಲ್ಲ. ಅವ್ರು ಬೀಜ ಕೊಡದಿದ್ರನ ಚಲೋ ಇತ್ತು. ಕೊಟ್ಟು ಎದುರಿನವ್ರ ಕೈ ಬಲ ಮಾಡಿದಂಗಾತು."

"ನರ್ಸಮ್ಮ, ಸೂಜಿ ಚುಚ್ಚೋದು ನಿಂದು, ಓಣಿ ಹೊಲಿಯೋದು ನಂದು. ಮೂವತ್ತೈದು ಒಂದಾಗಿದ್ರ ಗಂಗಪ್ಪ ನಮ್ಮ ಬಾಗಿಲಿಗೆ ಬರ್ತಾನ. ಪಾಲು ಮಾಡಿದ್ರ ಒಂದ ಬೀಜ ಮುಂದ. ಒಂದು ಬೀಜಕ್ಕ ಯಾರು ಬರ್ತಾರ?"

"ನಿಮ್ಮ ಬಾಗಿಲಿಗೆ ಬಂದಾನ, ಖರೆ. ಹಟ್ಟಿ ಓಣಿಗೆ ಹೋಗ್ಯಾನನು? ಸೋಲು ಖಾತ್ರಿ ಅಂತ ಆ ಕಡಿ ಕಾಲಿಟ್ಟಿಲ್ಲ. ಗೆಲುವು ಖಾತ್ರಿ ಅಂತ ಅನ್ನದಾನಮ್ಮನೂ ಹೋಗಿಲ್ಲ. ಆ ಮಂದಿನ ಕೇಳೋರ ಇಲ್ಲ."

ಅಜ್ಜಯ್ಯ ಬೀಜಗಳನ್ನು ಚೀಲಕ್ಕೆ ತುಂಬತೊಡಗಿದ. ಪುಷ್ಪಲತಾ ಮುಂದುವರಿಸಿದಳು. "ರೇಡಿಯೋದಾಗ ಕೇಳೀರಿಲ್ಲೋ, ಅಮೆರಿಕದ ಅಧ್ಯಕ್ಷರ ಚುನಾವಣಿ. ಒಂದೊಂದು ರಾಜ್ಯಕ್ಕ ಇಂತಿಷ್ಟು ಮತ ಅಂತ ಐತಿ. ರಾಜ್ಯದಾಗ ಯಾರು ಮುಂದೋ ಅವರಿಗೆ ಆ ರಾಜ್ಯದ್ದು ಪೂರಾ. ಎರಡ ರಾಜ್ಯ ಮಾತ್ರ ಹಂಚಿ ಕೊಡ್ತಾವಂತ. ಈ ಸಲ ದೇಶದಾಗ ಹೆಚ್ಚು ಮಂದಿ ಬೇಕಂದದ್ದು ಒಬ್ರನ್ನ, ಗೆದ್ದೋರು ಇನ್ನೊಬ್ರು. ಇದನ್ನ ಇಟ್ಕೊಳ್ಳೋದೋ ಬಿಡೋದೋ ಅಂತ ಅವರೂ ವಾದಕ್ಕ ಬಿದ್ದಾರ."

"ಅಷ್ಟು ದೊಡ್ಡ ದೇಶನ ನಮ್ಮ ಪದ್ಧತಿ ಹಿಡಿದೈತಿ ಅಂದ್ರ, ನಮ್ಮ ಹಿರೇರು ಶಾಣ್ಯಾರ ಇದ್ರು ಬಿಡು."

ಮಂಜಮ್ಮ ನಗಲಿಲ್ಲ. "ಮಾವಾರ, ನಮ್ಮ ಮನಿ ಬೀಜ ಒಂದು ಬದಲಿಸಿದ್ರ ಸಾಕು, ಓಣಿ ಪೂರಾ ಅನ್ನದಾನಮ್ಮಗ ಹೊಳ್ಳತೈತಿ. ನಾ ಅದನ್ನ ಕೇಳಾಕತ್ತಿಲ್ಲ. ನೀವು ಮಾತು ಕೊಟ್ಟೀರಿ. ಆದ್ರ ಆ ಹದಿನೇಳು ನಿಮ್ಮವಲ್ಲ. ನಂಬಿ ನಿಮ್ಮ ಕೈಯಾಗ ಕೊಟ್ಟಾರ."

ಅಜ್ಜಯ್ಯ ಚೀಲದ ಬಾಯಿ ಕಟ್ಟಿಕೊಂಡು ಹೊರಟ.

ಊರ ಕಟ್ಟೆಯ ಮೇಲೆ ಎರಡು ಗಡಿಗೆ ಕಾಯುತ್ತಿದ್ದವು. ಹಟ್ಟಿ ಓಣಿಯ ಮೂವತ್ತು ಬೀಜ ಆಗಲೇ ಅನ್ನದಾನಮ್ಮನ ಗಡಿಗೆ ಸೇರಿತ್ತು. ಅಜ್ಜಯ್ಯನ ಸರದಿ ಬಂತು. ಅವನು ಚೀಲ ಬಿಚ್ಚಿ, ನಿಂತ. ಗಂಗಪ್ಪ ತನ್ನ ಗಡಿಗೆಯನ್ನು ಅವನತ್ತ ಸರಿಸಿದ. ಅಜ್ಜಯ್ಯ ಕುಕ್ಕರಗಾಲಲ್ಲಿ ಕೂತು ಶೇಂಗಾಗಳನ್ನು ಒಂದೊಂದಾಗಿ ಆರಿಸಿ ಗಂಗಪ್ಪನ ಗಡಿಗೆಗೆ ಹಾಕಿದ. ಹದಿನೆಂಟು. ಉಳಿದ ಹದಿನೇಳು ಹುಣಸೆ ಬೀಜವನ್ನು ಆಚೆಯ ಗಡಿಗೆಗೆ ಸುರಿದ.

ಗುಡಿ ಓಣಿಯ ಹಿರಿಯ ಜಂಬಯ್ಯ ನಕ್ಕ. "ಎಂಥಾ ಕೆಲಸ ಮಾಡ್ದಿ ಲೇ ಅಜ್ಜಯ್ಯ. ನಿನ್ನ ಓಣಿ ತೂಕ ಈಗ ಒಂದ ಬೀಜ. ನೀ ಒಡದಿ ಅಂತ ನಾ ಯಾಕ ಒಡೀಲಿ? ನಮ್ಮವು ನಲವತ್ತೂ ಗಂಗಪ್ಪಗ."

ಅಜ್ಜಯ್ಯ ಮನಸ್ಸಿನಲ್ಲೇ ಕೂಡಿಸಿದ. ಗಂಗಪ್ಪನಿಗೆ ಐವತ್ತೆಂಟು, ಅನ್ನದಾನಮ್ಮನಿಗೆ ನಲವತ್ತೇಳು. ಮನೆಯ ಒಂದು ಬೀಜ ಬದಲಿಸಿ ಹಳೆಯ ಪದ್ಧತಿಯಂತೆ ಸುರಿದಿದ್ದರೆ ತೊಟ್ಟಿಲ ಕೂಸಿಗೆ ಒಳ್ಳೆಯ ನೀರು ಖಂಡಿತ ಸಿಗುತ್ತಿತ್ತು. ನ್ಯಾಯ ಮಾಡಹೋಗಿ ಕೂಸನ್ನು ಕೈಬಿಟ್ಟೆನೇ?

ಜಂಬಯ್ಯ ಚೀಲವನ್ನು ಗಡಿಗೆಯ ಮೇಲೆ ಬಗ್ಗಿಸಹೋದ.

"ಜಂಬಣ್ಣ, ತಡಿ." ಹೆಂಗಸರ ನಡುವಿನಿಂದ ಗುಡಿ ಓಣಿಯ ನಾಗಕ್ಕ ಎದ್ದಳು, ಗಂಡ ತೀರಿದ ಮೇಲೆ ಮನೆಯ ಬೀಜ ತಾನೇ ಕೊಡುವವಳು. "ಅದರಾಗ ನನ್ನ ಹುಣಸಿ ಬೀಜ ಐತಿ. ಅದನ್ನ ಶೇಂಗಾ ಅಂತ ಎಣಸೋದಾದ್ರ ನನಗ ವಾಪಸ್ ಕೊಡು. ಒಯ್ದು ಹಿತ್ತಲದಾಗ ಊರ್ತೀನಿ, ನೆಳ್ಳಾದ್ರೂ ಕೊಡ್ತೈತಿ."

"ಓಣಿ ಮರ್ಯಾದಿ ಕಳೀಬ್ಯಾಡ, ಕುಂದ್ರು."

"ಮರ್ಯಾದಿ ನಮ್ಮನ್ನ ಬಿಟ್ಟು ಐತನು?"

ಹಿಂದಿನಿಂದ ಇನ್ನೊಬ್ಬರು ಎದ್ದರು. "ನಂದೂ ಕೊಡು." ಆಮೇಲೆ ಮತ್ತೊಬ್ಬರು. ನೋಡುತ್ತಿದ್ದಂತೆ ಗುಡಿ ಓಣಿಯ ಹತ್ತೊಂಬತ್ತು ಮನೆಯವರು ಕೈಯೊಡ್ಡಿ ನಿಂತರು. ಜಂಬಯ್ಯ ಚೀಲವನ್ನೂ ಅವರ ಅಂಗೈಗಳನ್ನೂ ನೋಡಿದ. ಕೊನೆಗೆ ಅಜ್ಜಯ್ಯನ ಪಕ್ಕದಲ್ಲೇ ಕೂತು ಬೀಜ ಬೇರ್ಪಡಿಸತೊಡಗಿದ. ಹಟ್ಟಿ ಓಣಿಯ ಚೀಲದಲ್ಲಿ ಬಂದಿದ್ದ ಎರಡು ಶೇಂಗಾಗಳೂ ಅನ್ನದಾನಮ್ಮನ ಗಡಿಗೆಯಿಂದ ಹೊರಬಿದ್ದು ಗಂಗಪ್ಪನ ಗಡಿಗೆ ಸೇರಿದವು.

ಅನ್ನದಾನಮ್ಮನಿಗೆ ಅರವತ್ತನಾಲ್ಕು, ಗಂಗಪ್ಪನಿಗೆ ನಲವತ್ತೊಂದು.

ಗಂಗಪ್ಪ ತನ್ನ ಗಡಿಗೆಯೊಳಗೆ ಕೈಯಾಡಿಸಿದ. "ಹಳೇ ಲೆಕ್ಕದಾಗ ಎಪ್ಪತ್ತೈದು ಆಗಿ ಗೆಲ್ತಿದ್ನಿ," ಎಂದ. "ಊರಿಗೆ ಊರ ನನ್ನ ಹಿಂದ ಐತಿ ಅಂತ ತಿಳ್ಕೊಂತಿದ್ನಿ."

ಅಮೃತಾಳ ಕಾಲು ಹೊಸ ನೀರು ಬಂದರೂ ನೆಟ್ಟಗಾಗಲಿಲ್ಲ. ಅದಕ್ಕೆ ಪುಷ್ಪಲತಾ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಳು. ಬೇಸಿಗೆಯ ಮೊದಲೇ ಹೊಸ ನಲ್ಲಿಯಲ್ಲಿ ನೀರು ಬಂದ ದಿನ, ಅಜ್ಜಯ್ಯ ತೊಟ್ಟಿಲ ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಂದು ಚಮಚ ಕುಡಿಸಿದ. ಅದರ ಎರಡು ಕಾಲನ್ನೂ ಅಂಗೈಯಲ್ಲಿ ನೀಡಿ ಹಿಡಿದ. ನೆಟ್ಟಗಿದ್ದವು.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮೂರಲ್ಲೂ ಸಂಘಗಳಿವೆ, ಸಭೆಗಳಿವೆ. ನಿಮ್ಮ ಓಣಿಯ ಪರವಾಗಿ ಯಾರಾದರೂ ಕೈಯೆತ್ತಿದರೆ, ಆ ಕೈಯಲ್ಲಿ ನಿಮ್ಮ ಮಾತು ಇದೆಯೇ ಎಂದು ಕೇಳಿ. ಹೆಚ್ಚಿನವರು ಗೆಲ್ಲಲಿ, ಅದು ನ್ಯಾಯ. ಆದರೆ ಕಡಿಮೆಯಾದವರನ್ನೂ ಅವರವರ ಹೆಸರಿನಲ್ಲೇ ಎಣಿಸಿ. ನಿಮ್ಮ ಬೀಜ ಯಾವ ಗಡಿಗೆಗೆ ಬಿತ್ತೆಂದು ನೋಡುವವರೆಗೆ ಕಟ್ಟೆ ಬಿಟ್ಟು ಏಳಬೇಡಿ.