ಬಾಗಿಲ ಸಂದಿಯ ಕಾಲುಗಳು

ಮುತ್ತಿ ಹಲಸಿನ ಬೀಜಗಳನ್ನು ಗುಂಡುಕಲ್ಲಿನಿಂದ ಮೆಲ್ಲಗೆ ಜಜ್ಜಿ, ಒಡೆದ ಬಿಳಿ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ, ಬೀಜವನ್ನು ತಟ್ಟೆಗೆ ಹಾಕುತ್ತಿದ್ದಳು. ಅರ್ಧ ಬೀಜ ಮುಗಿದಿತ್ತು. ಕಿಟಕಿಯ ಬೆಳಕು ಮೇಜಿನ ಹತ್ತಿರ ಮಾತ್ರ ಚೆನ್ನಾಗಿ ಬೀಳುತ್ತಿದ್ದುದರಿಂದ ಮಗಳ ಕುರ್ಚಿಯ ಪಕ್ಕದಲ್ಲೇ ನೆಲಕ್ಕೆ ಕೂತಿದ್ದಳು.

ಮಗಳು ಅಮೃತಾ ವಾರವೆಲ್ಲ ಪೊನ್ನಂಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಬೇರೆಯವರ ಅರ್ಜಿ ಟೈಪು ಮಾಡಿ, ಭಾನುವಾರ ತನ್ನದೇ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದಳು. ಮೂರು ವರ್ಷದ ಕೆಲಸ. ಮೈಸೂರಿನ ಒಂದು ಕಂಪನಿಯವರು ಅದನ್ನು ಆಡಿ ನೋಡಿ, ‘ನಮಗೆ ಬೇಕು, ಆದರೆ ಮುಗಿಯುವುದು ಹೇಗೆ, ಬರೆದು ಕಳಿಸಿ’ ಎಂದು ಕೇಳಿ ಎಂಟು ತಿಂಗಳಾಗಿತ್ತು. ಉತ್ತರದ ಪತ್ರ ‘ಆಟ ಮುಗಿಯುವುದು ಹೀಗೆ’ ಎಂಬಲ್ಲಿಗೆ ನಿಂತುಬಿಟ್ಟಿತ್ತು. ಈ ತಿಂಗಳು ದಾಟಿದರೆ ಬೇರೆಯವರ ಆಟ ತೆಗೆದುಕೊಳ್ಳುತ್ತೇವೆ ಎಂದು ಮೊನ್ನೆ ಅವರು ಮತ್ತೆ ಬರೆದಿದ್ದರು.

"ಬರೀ ಕತ್ತಲೆ ನೋಡ್ತಾ ಕೂತಿದ್ದೀಯಲ್ಲ ಮಗ, ಏನದು?"

"ಹೆದರ್ಸೋ ಆಟ ಅವ್ವ. ಆಡೋರಿಗೆ ತಾವೇ ಒಳಗಿದ್ದಂಗೆ ಕಾಣುತ್ತೆ. ಒಂದು ಮಗೂನ ಕೂಡಿಹಾಕಿರ್ತಾರೆ. ಒಗಟು ಬಿಡಿಸ್ಕೊಂಡು ಆಚೆ ಬರ್ಬೇಕು."

"ದುಡ್ಡು ಕೊಟ್ಟು ಹೆದರ್ಕೋತಾರಾ ಜನ? ನಮ್ಮ ತೋಟಕ್ಕೆ ಬರಕ್ಕೇಳು. ಪುಕ್ಕಟೆ ಹೆದರ್ಸಿ ಕಳಿಸ್ತೀವಿ."

ನಗುತ್ತಲೇ ಮುತ್ತಿ ಪರದೆಯ ಕಡೆ ನೋಡಿದಳು. ಗೋಣಿಚೀಲದ ರಾಶಿ, ಹೆಂಚಿನ ಸಂದಿಯಿಂದ ಇಳಿದ ದಾರದಂಥ ಬೆಳಕು, ಗೋಡೆಗೆ ತೂಗುಹಾಕಿದ ಸ್ಪ್ರೇ ಪಂಪು. ಅವಳ ಕೈ ನಿಂತಿತು.

"ಇದು ಮೇಲ್ತೋಟದ ಗೊಬ್ಬರದ ಶೆಡ್ಡು. ಪಂಪು ಈ ಕಡೆ ಗೋಡೆಗಿತ್ತು, ಆ ಕಡೆ ಅಲ್ಲ."

ಅಮೃತಾಗೆ ಆರು ವರ್ಷವಿದ್ದಾಗ, ಕಾಫಿ ತೋಟದ ಕೂಲಿಗೆ ಜೊತೆಯಲ್ಲಿ ಕರೆದೊಯ್ದಿದ್ದ ಅವ್ವ ಒಂದು ದಿನ ಅವಳನ್ನು ಆ ಶೆಡ್ಡಿನೊಳಕ್ಕೆ ತಳ್ಳಿ ಚಿಲಕ ಹಾಕಿದ್ದಳು. ಎಷ್ಟು ಕರೆದರೂ ಯಾರೂ ಓಗೊಟ್ಟಿರಲಿಲ್ಲ. ಆ ಮಾತನ್ನು ಇಬ್ಬರೂ ಮತ್ತೆ ಎತ್ತಿರಲಿಲ್ಲ.

ಅಮೃತಾ ಒಂದು ಕೀ ಒತ್ತಿದಳು. ಆಟದೊಳಗಿನ ಮಗು ‘ಅವ್ವಾ’ ಎಂದು ಕರೆಯಿತು. ಬಾಗಿಲ ಕೆಳಗಿನ ಸಂದಿಯಲ್ಲಿ, ಬೆಳಕಿಗೆ ಅಡ್ಡವಾಗಿ, ಎರಡು ಕಾಲುಗಳು ಕಂಡವು. ಅವು ಕದಲಲಿಲ್ಲ. ಮಗು ಮತ್ತೆ ಕರೆದಾಗ ಶೆಡ್ಡಿನ ಗೋಡೆಗಳು ತುಸು ಒಳಕ್ಕೆ ಸರಿದವು.

"ಎಲ್ಲಾರೂ ಹೆದರೋದು ಆ ಕಾಲಿಗೇ. ಯಾರದು ಅಂತ ನಂಗೂ ಗೊತ್ತಿಲ್ಲ. ಅದಕ್ಕೇ ಇದು ಮುಗೀತಾ ಇಲ್ಲ."

"ಯಾರದು ಅಂದ್ರೆ? ನಂದು."

ಅಮೃತಾ ಕುರ್ಚಿಯಲ್ಲೇ ತಿರುಗಿದಳು.

"ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಎದುರಿಗೆ ಒಂಟಿ ಸಲಗ. ಇಲ್ಲಿಂದ ಆ ಬಚ್ಚಲಿಗೆ ಎಷ್ಟು ದೂರ, ಅಷ್ಟೇ. ಒಳಗಡೆ ಚಿಲಕ ಇರ್ಲಿಲ್ಲ. ನಾನೂ ಒಳಗೆ ಬಂದಿದ್ರೆ ಬಾಗ್ಲು ಗಾಳಿಗೆ ಪಟಪಟ ಹೊಡ್ಕೊಂಡು ಆನೇನ ಇತ್ತ ಕರೀತಿತ್ತು. ನೀನು ಕೂಗ್ತಾನೇ ಇದ್ದೆ. ನಾನೂ ಓಗೊಟ್ಟಿದ್ರೆ ನೇರ ನಮ್ಮೇಲೇ ಬರ್ತಿತ್ತು. ಅದು ಎದುರಿಗಿದ್ದಾಗ ಉಸಿರೂ ಬಿಡಬಾರ್ದು ಮಗ. ನೀನು ಅತ್ತು ಅತ್ತು ಸುಮ್ಮನಾದೆ ನೋಡು, ಆವಾಗ ತಿರುಗ್ಕೊಂಡು ಹೋಯ್ತು. ಎಲ್ಲಾ ಆದ್ಮೇಲೆ ತೋಟದ ಲೆಕ್ಕ ಬರೆಯೋ ರೈಟರ್ ಕೂಸಪ್ಪ ಪಟಾಕಿ ಹಿಡ್ಕೊಂಡು ಬಂದ, ಮದುವೆ ಮುಗಿದ ಮೇಲೆ ಓಲಗ ತಂದಂಗೆ."

"ಹೇಳ್ಬೋದಿತ್ತಲ್ಲ ಅವ್ವ. ನಾನೇನೋ ತಪ್ಪು ಮಾಡಿದ್ದೆ, ಅದಕ್ಕೇ ಕೂಡಿಹಾಕಿ ಹೊರಟುಹೋದೆ ಅಂದ್ಕೊಂಡಿದ್ದೆ. ಇಷ್ಟು ವರ್ಷ."

ಮುತ್ತಿ ಮಡಿಲಲ್ಲಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಕೆಳಗೆ ಹಾಕಿದಳು.

"ಹೇಳಿದ್ರೆ ಮಾರನೇ ದಿನ ತೋಟಕ್ಕೆ ಬರ್ತಿದ್ಯಾ ನೀನು? ಕೂಲಿಯವರ ಲೈನ್‌ಮನೇಲಿ ನಿನ್ನ ನೋಡ್ಕೊಳ್ಳೋರು ಯಾರಿದ್ರು? ಆಮೇಲೆ ನೀನೂ ಕೇಳ್ಲಿಲ್ಲ. ಮರ್ತಿದ್ದೀಯ ಅಂತ ಇದ್ದೆ."

"ಹಂಗಾದ್ರೆ ನೀನು ಹೋಗಿರ್ಲಿಲ್ಲ."

"ಎಲ್ಲಿಗೆ ಹೋಗ್ಲಿ, ನಿನ್ನ ಒಳಗೆ ಬಿಟ್ಟು?"

ಅಮೃತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನಗುವೋ ಅಳುವೋ ಮುತ್ತಿಗೆ ತಿಳಿಯಲಿಲ್ಲ. ಎರಡಕ್ಕೂ ಆಗಲಿ ಎಂದು ಸೆರಗಿನ ತುದಿ ಕೊಟ್ಟಳು. ಮಗಳು ಮೂಗು ಒರೆಸಿಕೊಂಡು, ಬೆನ್ನಿನ ಮೇಲಿಂದ ಮೂಟೆ ಇಳಿಸಿದವಳ ಹಾಗೆ ಕುರ್ಚಿಗೆ ಒರಗಿ, ಒಂದು ದೊಡ್ಡ ಉಸಿರು ಬಿಟ್ಟಳು. ಆಮೇಲೆ ಪತ್ರ ತೆರೆದು ಟೈಪು ಮಾಡತೊಡಗಿದಳು.

‘ಮಗು ಕರೆಯುವುದನ್ನು ನಿಲ್ಲಿಸಬೇಕು. ಆಡುವವರು ಯಾವ ಕೀಯನ್ನೂ ಒತ್ತದೆ, ನೂರು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಆಗ ಹೊರಗೆ ಭಾರವಾದದ್ದೊಂದು ದೂರ ಹೋಗುವ ಸದ್ದು ಕೇಳುತ್ತದೆ. ಆ ಕಾಲುಗಳು ಬಾಗಿಲ ಕಡೆಗೆ ತಿರುಗುತ್ತವೆ. ಚಿಲಕ ತೆರೆದುಕೊಳ್ಳುತ್ತದೆ.’

ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಇಬ್ಬರೂ ತಿತಿಮತಿ ರಸ್ತೆಯ ಮೋರಿಕಟ್ಟೆಯವರೆಗೆ ನಡೆದರು. ಅಮೃತಾ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು. ಎತ್ತಿ ಹಿಡಿಯಲು ಮೊಬೈಲನ್ನು ಅವ್ವನ ಕೈಗೆ ಕೊಟ್ಟಳು. ಮುತ್ತಿ ಅದನ್ನು ತಲೆಗಿಂತ ಎತ್ತರಕ್ಕೆ ಹಿಡಿದು ರಸ್ತೆ ಬದಿಯಲ್ಲಿ ನಿಂತಳು.

"ಹೋಯ್ತಾ?"

"ಇನ್ನೂ ಸ್ವಲ್ಪ. ಹಂಗೇ ಹಿಡ್ಕೊ."

ಗೋಣಿಕೊಪ್ಪದ ಬಸ್ಸು ಅವಳ ಎತ್ತಿದ ಕೈ ನೋಡಿ ನಿಧಾನಿಸಿತು. ಮುತ್ತಿ ಹತ್ತುವುದಿಲ್ಲವೆಂದು ತಲೆಯಾಡಿಸಿದಳು. ಕಂಡಕ್ಟರ್ ಏನೋ ಗೊಣಗಿ ಸೀಟಿ ಊದಿದ.

"ಹೋಯ್ತವ್ವ," ಎಂದಳು ಅಮೃತಾ.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಮುತ್ತಿಯ ಕೈ ಇನ್ನೂ ಮೇಲೇ ಇತ್ತು.